ದಪ್ಪ, ಓರೆ, ಪಟ್ಟಿಕಾಲಿನ ಅಕ್ಷರ ಎಲ್ಲಿ ಒಪ್ಪುತ್ತದೆ?

ಪ್ರಶ್ನೆ: ಪುಣೆಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಇಂಗ್ಲಿಷ್, ಮರಾಠಿ, ಕನ್ನಡ ಮೂರರಲ್ಲೂ ಬ್ಯಾನರ್ ಮಾಡಿಸುತ್ತಿದ್ದೇವೆ. ಇಂಗ್ಲಿಷಿಗೆ ‘ರಾಕ್‌ವೆಲ್ ಬೋಲ್ಡ್ ಇಟಾಲಿಕ್’ ಆರಿಸಿದ್ದೇವೆ. ಕನ್ನಡವನ್ನೂ ಹಾಗೇ ಓರೆ ಮಾಡಬಹುದೇ? ಆಮಂತ್ರಣಕ್ಕೂ ಅದೇ ಫಾಂಟ್ ಆದೀತೇ?
– ಒಬ್ಬ ಓದುಗರು, ಪುಣೆ

ಉತ್ತರ: ಬ್ಯಾನರಿನ ತಲೆಬರಹಕ್ಕೆ ಒಳ್ಳೆಯ ಆಯ್ಕೆ. ಆಮಂತ್ರಣದ ಒಕ್ಕಣೆಗೆ ಬೇಡ. ಕನ್ನಡವನ್ನಂತೂ ನೆಟ್ಟಗೇ ನಿಲ್ಲಿಸಿ.

ಇಂಗ್ಲಿಷ್ ಅಕ್ಷರದ ತಲೆ, ಕಾಲುಗಳ ಅಡ್ಡಗೆರೆ ಸಪೂರವಾಗದೆ ದಪ್ಪ ಪಟ್ಟಿಯಂತಿದ್ದರೆ ಅದು ಸ್ಲ್ಯಾಬ್ ಸೆರಿಫ್. 1815ರ ಸುಮಾರಿಗೆ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಇಂಥ ಅಚ್ಚುಮೊಳೆಗಳನ್ನು ‘ಆಂಟಿಕ್’ ಹೆಸರಿನಲ್ಲಿ ಎರಕ ಹೊಯ್ದ. ಬೀದಿಗೋಡೆಯ ಜಾಹೀರಾತು ದೂರದಿಂದಲೇ ಕಣ್ಣಿಗೆ ಬೀಳಬೇಕಾಗಿದ್ದ ಕಾಲವದು. ಇದೇ ಜಾತಿಯ ನಿಮ್ಮ ರಾಕ್‌ವೆಲ್ ಅನ್ನು ಮಾನೊಟೈಪ್ ಕಂಪನಿ 1934ರಲ್ಲಿ ಹೊರತಂದಿತು. ಅದರ ದೊಡ್ಡ ‘ಎ’ ಅಕ್ಷರದ ನೆತ್ತಿಯ ಮೇಲೂ ಒಂದು ಪಟ್ಟಿ ಕೂತಿರುತ್ತದೆ, ನೋಡಿ.

ಓರೆಯಾದಾಗ ಅಕ್ಷರದ ನೆಟ್ಟಗಿನ ಕಂಬ ಬಾಗುತ್ತದೆ, ಪಟ್ಟಿ ಮಾತ್ರ ನೆಲಕ್ಕಂಟಿಕೊಂಡೇ ಇರುತ್ತದೆ. ತೂಕ, ವೇಗ ಎರಡೂ ಒಟ್ಟಿಗೆ ಕಾಣುವುದು ಇದರಿಂದಲೇ. ಆಟಗಾರರ ಅಂಗಿ, ಪತ್ರಿಕೆಯ ಮುಖಪುಟ, ಬ್ಯಾನರ್ ಇದಕ್ಕೆ ತಕ್ಕ ಜಾಗ. ಮೂರು ನಾಲ್ಕು ಪದ ಸಾಕು. ಆದರೆ ಕಂಬವೂ ಪಟ್ಟಿಯೂ ಕೂಡುವ ಕಡೆ ಒಂದು ಮಗ್ಗುಲಲ್ಲಿ ಇಕ್ಕಟ್ಟಾದ ಮೂಲೆ ಉಂಟಾಗುತ್ತದೆ. ಆಮಂತ್ರಣದ ಹತ್ತು ಪಾಯಿಂಟಿನಲ್ಲಿ ಅಲ್ಲಿ ಶಾಯಿ ತುಂಬಿಕೊಂಡು ಸಾಲು ಕಪ್ಪಾಗುತ್ತದೆ, ಓದುವವರ ಕಣ್ಣು ಸೋಲುತ್ತದೆ.

ಇನ್ನು ಕನ್ನಡವನ್ನು ಓರೆ ಮಾಡುವ ಮಾತು. ಇಟಾಲಿಕ್ ಎಂಬ ಓರೆ ಅಕ್ಷರ ಹುಟ್ಟಿದ್ದು ಇಟಲಿಯ ಕೈಬರಹದಿಂದ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಷಿಯಸ್ ಆ ಅಕ್ಷರದಲ್ಲೇ ಇಡೀ ಪುಸ್ತಕ ಅಚ್ಚು ಹಾಕಿದ. ಕನ್ನಡ ಮುದ್ರಣಕ್ಕೆ ಅಂಥ ಓರೆಬರಹದ ಪರಂಪರೆಯಿಲ್ಲ. ಇಟಾಲಿಕ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಕಂಪ್ಯೂಟರ್ ನೆಟ್ಟಗಿನ ಅಕ್ಷರವನ್ನೇ ವಾಲಿಸುತ್ತದೆ. ‘ರಾಜ್ಯೋತ್ಸವ’ ಎಂದು ಬರೆದು ಪರೀಕ್ಷಿಸಿ: ತಲೆಕಟ್ಟು ಬಲಕ್ಕೆ ಸರಿಯುತ್ತದೆ, ‘ತ್ಸ’ದ ಒತ್ತು ಎಡಕ್ಕೆ ಜಾರುತ್ತದೆ, ದುಂಡು ಸೊಟ್ಟಗಾಗುತ್ತದೆ. ಹಬ್ಬದ ಹೆಸರೇ ಹೀಗೆ ಕೆಡಬಾರದು.

ಹಾಗಾದರೆ ಏನು ಮಾಡಬೇಕು? ಮುಂಬೈಯ ‘ಏಕ್ ಟೈಪ್’ ಸಂಸ್ಥೆ ರೂಪಿಸಿದ ‘ಅನೇಕ್’ ಫಾಂಟ್ ಬಳಗದಲ್ಲಿ ಕನ್ನಡವೂ ದೇವನಾಗರಿಯೂ ಇವೆ, ಉಚಿತವಾಗಿ ಸಿಗುತ್ತವೆ. ಎರಡರಲ್ಲೂ ಎಕ್ಸ್‌ಟ್ರಾಬೋಲ್ಡ್ ಆರಿಸಿದರೆ ಕನ್ನಡ, ಮರಾಠಿ ಎರಡೂ ರಾಕ್‌ವೆಲ್ಲಿನ ಪಕ್ಕ ತೂಕದಲ್ಲಿ ಸೋಲುವುದಿಲ್ಲ. ಕನ್ನಡಕ್ಕೆ ಇನ್ನೂ ಒತ್ತು ಬೇಕೆನಿಸಿದರೆ ಗಾತ್ರ ಹಿಗ್ಗಿಸಿ, ಬಣ್ಣ ಬದಲಿಸಿ.

ಡಿಟಿಪಿಯವರು ನಿಮ್ಮೂರಿನ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ‘ಶ್ರೀಲಿಪಿ’ ತಂತ್ರಾಂಶ ಬಳಸುತ್ತಿದ್ದರೆ ಇನ್ನೊಂದು ಮಾತು. ಕನ್ನಡ ಡಿಟಿಪಿಗೆ ಪುಣೆಯಿಂದ ಬಂದ ದೊಡ್ಡ ಕೊಡುಗೆ ಅದು. ಆದರೆ ಅದರ ಹಳೆಯ ಫಾಂಟುಗಳ ಸಂಕೇತವೇ ಬೇರೆ. ಮೊಬೈಲಿನಲ್ಲಿ ಟೈಪಿಸಿದ ಯೂನಿಕೋಡ್ ಪಠ್ಯವನ್ನು ಪರಿವರ್ತಿಸದೆ ಅಂಟಿಸಿದರೆ ಅಕ್ಷರ ಕಲಸಿಹೋಗುತ್ತದೆ. ಆ ಡಿಟಿಪಿ ಅಂಗಡಿಯಲ್ಲಿ ಕನ್ನಡ ಓದುವವರು ಇಲ್ಲದಿದ್ದರೆ ತಪ್ಪು ಯಾರ ಕಣ್ಣಿಗೂ ಬೀಳದು. ಅಚ್ಚಿಗೆ ಹೋಗುವ ಮೊದಲು ನಿಮ್ಮ ಬಳಗದವರೊಬ್ಬರು ಪ್ರೂಫನ್ನು ಒತ್ತಕ್ಷರ ಸಮೇತ ಓದಿ ಒಪ್ಪಿಗೆ ಕೊಡಲಿ.