ಕಿರುಗಡಿಯಾರದ ಒಳರಚನೆ

ಕನ್ನಡದ ‘ಗಡಿಯಾರ’ದಲ್ಲಿಯೂ ಮರಾಠಿಯ ‘ಘಡ್ಯಾಳ’ದಲ್ಲಿಯೂ ‘ಘಟಿ’ ಎಂಬ ಒಂದೇ ಮೂಲವಿದೆ. ತಳದಲ್ಲಿ ರಂಧ್ರವುಳ್ಳ ಗಳಿಗೆಬಟ್ಟಲು ನೀರಿನಲ್ಲಿ ಮುಳುಗಲು ಹಿಡಿಯುತ್ತಿದ್ದ 24 ನಿಮಿಷಗಳ ಅವಧಿಯೇ ಒಂದು ಗಳಿಗೆ. ಅಲ್ಲಿ ಕಾಲದ ಅಳತೆಯನ್ನು ಕಾಯುತ್ತಿದ್ದುದು ಆ ರಂಧ್ರ. ಕೀಲಿ ಕೊಡುವ ಕೈಗಡಿಯಾರದಲ್ಲಿ ಅದೇ ಕಾರ್ಯವನ್ನು ಸಮತೋಲನ ಚಕ್ರವು ನಿರ್ವಹಿಸುತ್ತದೆ.

ಕೀಲಿ ಕೊಟ್ಟಾಗ ಮುಖ್ಯ ಸ್ಪ್ರಿಂಗ್ ತನ್ನ ಡಬ್ಬಿಯೊಳಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವಾಗಿನ ಬಲ ಹಲ್ಲುಚಕ್ರಗಳ ಸಾಲಿನಲ್ಲಿ ಸಾಗುತ್ತದೆ. ಸಾಲಿನ ತುದಿಯಲ್ಲಿರುವ ಕವೆಯಾಕಾರದ ಸನ್ನೆಯು ಆ ಬಲವನ್ನು ತಡೆದು ತಡೆದು, ಒಂದೊಂದೇ ಹಲ್ಲಿನಂತೆ ಬಿಡುತ್ತದೆ. ಯಾವಾಗ ಬಿಡಬೇಕೆಂಬುದನ್ನು ನಿರ್ಧರಿಸುವವು ಅತ್ತಿತ್ತ ಹೊರಳುವ ಸಮತೋಲನ ಚಕ್ರ ಮತ್ತು ಅದನ್ನು ಮರಳಿ ಸೆಳೆಯುವ, ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗ್. ನಮಗೆ ಕೇಳಿಸುವ ‘ಟಿಕ್ ಟಿಕ್’ ಈ ತಡೆ–ಬಿಡುಗಡೆಗಳ ಸದ್ದು.

ಈ ಯಂತ್ರವನ್ನು ಕಿರಿದುಗೊಳಿಸುವುದರಲ್ಲಿ ಒಂದು ತೊಡಕಿದೆ. ಚಕ್ರದ ಜಡತ್ವವು ಅದರ ತೂಕವನ್ನೂ ತ್ರಿಜ್ಯದ ವರ್ಗವನ್ನೂ ಅವಲಂಬಿಸಿದೆ. ಎಲ್ಲ ಅಳತೆಗಳನ್ನೂ ಅರ್ಧಕ್ಕಿಳಿಸಿದರೆ ತೂಕ ಎಂಟನೆಯ ಒಂದು ಪಾಲಾಗುತ್ತದೆ. ಜಡತ್ವವಾದರೋ ಮೂವತ್ತೆರಡನೆಯ ಒಂದು ಪಾಲಿಗೆ ಕುಸಿಯುತ್ತದೆ. ಆದರೆ ಗಡಿಯಾರದೊಳಗೆ ಸೇರುವ ಧೂಳಿನ ಕಣವಾಗಲಿ ಎಣ್ಣೆಯ ಜಿಗುಟಾಗಲಿ ಯಂತ್ರದೊಡನೆ ತಾವೂ ಕಿರಿದಾಗವು. ದೊಡ್ಡ ಚಕ್ರವು ಲೆಕ್ಕಿಸದ ಅಡ್ಡಿ ಚಿಕ್ಕ ಚಕ್ರದ ಲಯವನ್ನೇ ಕೆಡಿಸುತ್ತದೆ. ಹೀಗಾಗಿ ಮಹಿಳೆಯರ ಪುಟ್ಟ ಕೈಗಡಿಯಾರಗಳು ಆಭರಣವಾಗಿ ಮೆರೆದರೂ ಕಾಲಮಾಪನದಲ್ಲಿ ಸೋಲುವ ಅಪಾಯವಿತ್ತು.

ಇದಕ್ಕೆ ಸ್ವಿಟ್ಜರ್ಲೆಂಡಿನ ಜೂ ಕಣಿವೆಯ ಲೆಕುಲ್ತ್ರ್ ಕಾರ್ಖಾನೆಯು 1925ರಲ್ಲಿ ‘ಡುಯೋಪ್ಲಾನ್’ ಎಂಬ ರಚನೆಯ ಮೂಲಕ ಉತ್ತರ ಕಂಡುಕೊಂಡಿತು. ಒಂದೇ ಸಮತಲದಲ್ಲಿ ಎಲ್ಲ ಭಾಗಗಳನ್ನೂ ಇಕ್ಕಟ್ಟಾಗಿ ಕೂರಿಸುವ ಬದಲು ಅವುಗಳನ್ನು ಎರಡು ಅಂತಸ್ತುಗಳಲ್ಲಿ ಹಂಚಲಾಯಿತು. ಇದರಿಂದ ಸಮತೋಲನ ಚಕ್ರಕ್ಕೆ ಬೇಕಾದಷ್ಟು ವಿಸ್ತಾರ ದೊರೆಯಿತು. ಕೀಲಿ ಕೊಡುವ ತಿರುಪು ಬದಿಯಿಂದ ಹಿಂಬದಿಗೆ ಸರಿಯಿತು.

ಇದೇ ತತ್ತ್ವದ ಮೇಲೆ 1929ರಲ್ಲಿ ‘ಕ್ಯಾಲಿಬರ್ 101’ ಸಿದ್ಧವಾಯಿತು. ಕ್ಯಾಲಿಬರ್ ಎಂದರೆ ಗಡಿಯಾರದ ಒಳಯಂತ್ರದ ಮಾದರಿ. ಇದರ ಉದ್ದ 14 ಮಿಲಿಮೀಟರ್, ಅಗಲ 4.8, ದಪ್ಪ 3.4, ತೂಕ ಸುಮಾರು ಒಂದು ಗ್ರಾಂ. ಸಾಮಾನ್ಯ ಪೆನ್ಸಿಲ್ಲಿಗಿಂತ ಕಿರಿದಾದ ಈ ಒಡಲಿನ ಇಂದಿನ ರೂಪದಲ್ಲಿ 98 ಬಿಡಿಭಾಗಗಳಿವೆ. ಸಮತೋಲನ ಚಕ್ರ ಸೆಕೆಂಡಿಗೆ ಆರು ಬಾರಿ ಹೊರಳುತ್ತದೆ. ಅಚ್ಚುಗಳ ಮೊನೆಗಳು ಸವೆಯದಂತೆ ಕೃತಕ ಮಾಣಿಕ್ಯದ ಹರಳುಗಳು ಅವುಗಳನ್ನು ಹಿಡಿದಿರುತ್ತವೆ. 1953ರಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ತಮ್ಮ ಪಟ್ಟಾಭಿಷೇಕದಂದು ಧರಿಸಿದ್ದು ಈ ಯಂತ್ರವಿದ್ದ ಗಡಿಯಾರವನ್ನೇ.

ಇಲ್ಲಿ ಗಮನಿಸಬೇಕಾದುದು ಯಂತ್ರದ ಚಿಕ್ಕತನವಷ್ಟೇ ಅಲ್ಲ. ಯಾವ ಭಾಗವನ್ನು ಕುಗ್ಗಿಸಬಹುದು, ಯಾವುದಕ್ಕೆ ಎಡೆಯನ್ನು ಉಳಿಸಲೇಬೇಕು ಎಂಬ ವಿವೇಕದಿಂದಲೇ ಈ ರಚನೆ ಸಾಧ್ಯವಾಯಿತು.

ಅಭ್ಯಾಸ:
1. ಗಳಿಗೆಬಟ್ಟಲಿನ ರಂಧ್ರಕ್ಕೂ ಸಮತೋಲನ ಚಕ್ರಕ್ಕೂ ಇರುವ ಸಾಮ್ಯವನ್ನು ವಿವರಿಸಿರಿ.
2. ಎಲ್ಲ ಭಾಗಗಳನ್ನೂ ಒಂದೇ ಪ್ರಮಾಣದಲ್ಲಿ ಕಿರಿದುಗೊಳಿಸಿದರೆ ಗಡಿಯಾರದ ನಡೆ ಏಕೆ ಕೆಡುತ್ತದೆ?
3. ನಿಮ್ಮ ಊರಿನ ಗಡಿಯಾರ ರಿಪೇರಿಯವರು ಬಿಡಿಭಾಗಗಳಿಗೆ ಬಳಸುವ ಕನ್ನಡ ಮತ್ತು ಮರಾಠಿ ಪದಗಳನ್ನು ಸಂಗ್ರಹಿಸಿ, ಹೋಲಿಸಿರಿ.