ಸಣ್ಣ ಉದ್ದಿಮೆಗೆ ಕಡಿಮೆ ಖರ್ಚಿನ ಈಮೇಲ್ ವ್ಯವಸ್ಥೆ

ನಮ್ಮ ಸೊಲ್ಲಾಪುರದ ಚಾದರ ಮತ್ತು ಟರ್ಕಿ ಟವೆಲ್ಲುಗಳ ಹೆಸರನ್ನು ಕೇಳದವರು ವಿರಳ. ಅಕ್ಕಲಕೋಟೆ ರಸ್ತೆಯ ಎಂ.ಐ.ಡಿ.ಸಿ. ಪ್ರದೇಶದಲ್ಲಿ ನೇಯ್ದ ಟವೆಲ್ಲುಗಳು ಪರದೇಶಗಳಿಗೂ ಹೋಗುತ್ತವೆ. ಹಿಂದೆ ವ್ಯಾಪಾರದ ಪತ್ರಗಳು ಅಂಚೆಯಲ್ಲಿ ಬರುತ್ತಿದ್ದವು. ಈಗ ದೂರದ ಗಿರಾಕಿಯ ಬೇಡಿಕೆ, ಬಿಲ್ಲು, ಹಡಗಿನ ಕಾಗದಪತ್ರ ಇವೆಲ್ಲ ಬಹುಮಟ್ಟಿಗೆ ಈಮೇಲಿನಲ್ಲಿಯೇ ನಡೆಯುತ್ತವೆ. ವಾಟ್ಸ್ಯಾಪಿನಲ್ಲಿ ಮಾತುಕತೆ ಎಷ್ಟೇ ಆಗಲಿ, ದಾಖಲೆಯಾಗಿ ಉಳಿಯುವುದು ಈಮೇಲೇ.

ಆದರೆ ಎಷ್ಟೋ ಸಣ್ಣ ಕಾರಖಾನೆಗಳ ಈಮೇಲ್ ವಿಳಾಸವೆಂದರೆ ಮಾಲಕರ ಮಗನದೋ ದಿವಾಣಜಿಯದೋ ಖಾಸಗಿ ವಿಳಾಸವಾಗಿರುತ್ತದೆ. ದಿವಾಣಜಿ ಕೆಲಸ ಬಿಟ್ಟ ದಿನ ಹಲವು ವರ್ಷಗಳ ಪತ್ರವ್ಯವಹಾರವೂ ಅವರೊಡನೆ ಹೊರಟುಹೋಗುತ್ತದೆ. ಇದಕ್ಕೆ ಉಪಾಯವೇನು, ಅದಕ್ಕೆ ಎಷ್ಟು ಖರ್ಚು ಎಂಬುದನ್ನು ಇಲ್ಲಿ ವಿಚಾರಿಸೋಣ.

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲು ಪತ್ರ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್. ಅದು 1971ರ ಮಾತು. ವಿಳಾಸದ ನಡುವಿನ @ ಚಿಹ್ನೆಯನ್ನು ಆರಿಸಿದವರೂ ಅವರೇ. ಪತ್ರ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿ 1982ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು.

ಈಮೇಲ್ ಸರ್ವರ್ ಎಂದರೆ ನಮ್ಮೂರ ಅಂಚೆ ಕಚೇರಿಯಂತೆಯೇ. ಅದು ಪತ್ರವನ್ನು ಬೇರೆ ಕಚೇರಿಗೆ ಸಾಗಿಸಬೇಕು, ಬಂದ ಪತ್ರವನ್ನು ಪೆಟ್ಟಿಗೆಯಲ್ಲಿ ಕಾಪಾಡಿ ಕೇಳಿದಾಗ ಕೊಡಬೇಕು. ಮೊದಲನೆಯ ಕೆಲಸಕ್ಕೆ ಎಸ್‌ಎಂಟಿಪಿ, ಎರಡನೆಯದಕ್ಕೆ ಐಮ್ಯಾಪ್ ಎಂಬ ನಿಯಮಾವಳಿ. ಇವು ಜಗತ್ತಿಗೆಲ್ಲ ಒಂದೇ ಆಗಿರುವುದರಿಂದ ಯಾರ ಸರ್ವರಿನಿಂದ ಯಾರ ಸರ್ವರಿಗಾದರೂ ಪತ್ರ ಹೋಗುತ್ತದೆ.

ಸರ್ವರಿಗಿಂತ ಮೊದಲು ಕೊಳ್ಳಬೇಕಾದದ್ದು ಡೊಮೇನ್, ಅಂದರೆ @ ಚಿಹ್ನೆಯ ಮುಂದೆ ಬರುವ ಹೆಸರು. ಇದಕ್ಕೆ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಟ್ಟಬೇಕು. ಹೊಲವಿರುವ ಪಾಲಕರಿಗೆ ಇದನ್ನು ಬೇಗ ತಿಳಿಸಬಹುದು: ಸಾತಬಾರಾ ಉತಾರೆಯಲ್ಲಿ ಯಾರ ಹೆಸರಿದೆಯೆಂದು ನಾವು ಎಷ್ಟು ಕಾಳಜಿಯಿಂದ ನೋಡುತ್ತೇವೋ, ಡೊಮೇನ್ ಯಾರ ಹೆಸರಿನಲ್ಲಿದೆಯೆಂದು ಅಷ್ಟೇ ಕಾಳಜಿಯಿಂದ ನೋಡಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಅದು ಇರಕೂಡದು. ಮಾಲಕರ ಹೆಸರು, ಮಾಲಕರ ಫೋನ್ ನಂಬರೇ ಇರಬೇಕು. ಡೊಮೇನ್ ನಮ್ಮದಾಗಿದ್ದರೆ ಸರ್ವರ್ ಒದಗಿಸುವವರನ್ನು ಯಾವಾಗ ಬೇಕಾದರೂ ಬದಲಿಸಬಹುದು, ವಿಳಾಸ ಮಾತ್ರ ಬದಲಾಗುವುದಿಲ್ಲ. ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿದಂತೆ ಎಂದು ನಾವು ತಿಳಿಯುತ್ತೇವೆ.

ಇನ್ನು ಸರ್ವರ್. ನಾವೇ ಒಂದನ್ನು ನಡೆಸಿದರೆ ಹೇಗೆ? ಅದಕ್ಕೆ ಬೇಕಾದ ತಂತ್ರಾಂಶಗಳು ಬಿಟ್ಟಿಯಾಗಿಯೇ ಸಿಗುತ್ತವೆ. ವಿಟ್ಸೆ ವೆನೆಮಾ ಎಂಬವರು ಬರೆದು 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಪತ್ರ ಸಾಗಿಸುತ್ತದೆ. ಫಿನ್‌ಲ್ಯಾಂಡಿನ ಟಿಮೊ ಸಿರೈನೆನ್ ಅವರು 2002ರಲ್ಲಿ ಹೊರತಂದ ಡವ್‌ಕಾಟ್ ಪೆಟ್ಟಿಗೆ ಕಾಯುತ್ತದೆ. ಆದರೆ ಕಾರಖಾನೆಯ ಮೂಲೆಯಲ್ಲಿರುವ ಹಳೆಯ ಗಣಕಯಂತ್ರದಲ್ಲಿ ಇವನ್ನು ಹಾಕಿದರೆ ಸಾಲದು. ವಿದ್ಯುತ್ ಹೋದರೆ ಅಂಚೆ ಕಚೇರಿಯೇ ಬಂದ್. ಸಾಮಾನ್ಯ ಬ್ರಾಡ್‌ಬ್ಯಾಂಡಿನ ಜಾಲವಿಳಾಸವೂ ಆಗಾಗ ಬದಲಾಗುತ್ತದೆ, ಅಂಥ ವಿಳಾಸದಿಂದ ಬಂದ ಪತ್ರವನ್ನು ದೊಡ್ಡ ಸರ್ವರುಗಳು ನಂಬುವುದಿಲ್ಲ. ಆದ್ದರಿಂದ ಬೇರೆಡೆ ಇರುವ ಡೇಟಾ ಸೆಂಟರಿನಲ್ಲಿ ಯಂತ್ರದ ಒಂದು ಭಾಗವನ್ನು ಬಾಡಿಗೆಗೆ ಹಿಡಿಯಬೇಕಾಗುತ್ತದೆ.

ಇನ್ನೊಂದು ದಾರಿ, ಸಿದ್ಧ ಪೆಟ್ಟಿಗೆಗಳನ್ನೇ ಬಾಡಿಗೆಗೆ ಪಡೆಯುವುದು. ನಮ್ಮ ದೇಶದ ಜೋಹೊ, ಅಮೆರಿಕದ ಗೂಗಲ್, ಮೈಕ್ರೋಸಾಫ್ಟ್ ಮುಂತಾದವರು ಇವನ್ನು ಒದಗಿಸುತ್ತಾರೆ. ಲೆಕ್ಕ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಪೇಟೆಯ ದರವಲ್ಲ. ಒಂದು ಪೆಟ್ಟಿಗೆಗೆ ತಿಂಗಳಿಗೆ ರೂ. 100 ಎಂದರೆ ವರ್ಷಕ್ಕೆ ರೂ. 1,200. ಬಾಡಿಗೆ ಯಂತ್ರಕ್ಕೆ ತಿಂಗಳಿಗೆ ರೂ. 600 ಎಂದರೆ ವರ್ಷಕ್ಕೆ ರೂ. 7,200. ಅಂದರೆ 6 ಪೆಟ್ಟಿಗೆಗಳಿಗೆ ಎರಡೂ ಸಮ, ಮುಂದೆ ಸ್ವಂತ ಸರ್ವರೇ ಅಗ್ಗ ಎಂದು ತೋರುತ್ತದೆ. ಆದರೆ ಅದನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 4 ತಾಸಿನ ಕೆಲಸ, ತಾಸಿಗೆ ರೂ. 300 ಕೂಲಿ ಎಂದು ಹಿಡಿದರೆ ವರ್ಷಕ್ಕೆ ರೂ. 14,400 ಕೂಡುತ್ತದೆ. ಒಟ್ಟು ರೂ. 21,600. ಇದು 18 ಪೆಟ್ಟಿಗೆಗಳ ಬಾಡಿಗೆ! ಕೂಲಿಯನ್ನು ಬಿಟ್ಟು ಲೆಕ್ಕ ಮಾಡುವುದೇ ಇಲ್ಲಿ ಜನ ಮೋಸಹೋಗುವ ಜಾಗ.

ಪೆಟ್ಟಿಗೆಗಳ ಸಂಖ್ಯೆಯನ್ನೂ ಕಡಿಮೆ ಮಾಡಬಹುದು. ಮಾರಾಟಕ್ಕೊಂದು, ಲೆಕ್ಕಪತ್ರಕ್ಕೊಂದು, ವಿಚಾರಣೆಗೊಂದು ಎಂದು ಬೇರೆ ಬೇರೆ ವಿಳಾಸ ಕೊಟ್ಟು ಎಲ್ಲ ಪತ್ರಗಳೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡುವ ಅನುಕೂಲ ಸಾಮಾನ್ಯವಾಗಿ ಇರುತ್ತದೆ. ಶೇಂಗಾ ಚಟ್ನಿ, ಕಡಕ್ ಭಕ್ಕರಿ ಮಾರುವ ಮನೆ ಉದ್ದಿಮೆಗೆ ಒಂದೆರಡು ಪೆಟ್ಟಿಗೆ ಬೇಕಾದಷ್ಟಾಯಿತು. ಬಿಟ್ಟಿ ಯೋಜನೆಗಳೂ ಉಂಟು, ಆದರೆ ಅವು ಯಾವಾಗಲೂ ಇರುತ್ತವೆಂದು ನಂಬಿ ಕೂಡಬಾರದು. ಉದ್ದಿಮೆಗಳಿಗಾಗಿ ಗೂಗಲ್ ಕೊಡುತ್ತಿದ್ದ ಬಿಟ್ಟಿ ಯೋಜನೆ 2012ರ ಡಿಸೆಂಬರಿನಲ್ಲಿ ಹೊಸಬರಿಗೆ ನಿಂತುಹೋಯಿತು. ಒಟ್ಟಿನಲ್ಲಿ, ಹತ್ತು ಜನರ ಒಳಗಿನ ಕಾರಖಾನೆಗೆ ಬಾಡಿಗೆ ಪೆಟ್ಟಿಗೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲೇ ಲಿನಕ್ಸ್ ಬಲ್ಲ ಮಕ್ಕಳಿದ್ದರೆ ಕಲಿಕೆಗಾಗಿ ಸ್ವಂತ ಸರ್ವರ್ ಕಟ್ಟಲಿ, ಗಿರಾಕಿಗಳ ಪತ್ರವನ್ನು ಮಾತ್ರ ಅದರ ಮೇಲೆ ಬಿಡಬಾರದು.

ಯಾವ ದಾರಿ ಹಿಡಿದರೂ ಮೂರು ದಾಖಲೆಗಳನ್ನು ಡೊಮೇನಿಗೆ ಬರೆಸಲೇಬೇಕು. ನಮ್ಮ ಪತ್ರ ಯಾವ ಸರ್ವರಿನಿಂದ ಹೊರಡುತ್ತದೆಂದು ಎಸ್‌ಪಿಎಫ್ ಸಾರುತ್ತದೆ. ಡಿಕಿಮ್ ಎಂಬುದು ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ, ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಗೊತ್ತಾಗುತ್ತದೆ. ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ರಾಶಿಗಟ್ಟಲೆ ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಸಣ್ಣವರಿಗೂ ಇವು ಬೇಕು. ಇಲ್ಲವಾದರೆ ನಮ್ಮ ದರಪಟ್ಟಿ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದು ಕೊಳೆಯಬಹುದು.

ಇದರಲ್ಲಿ ಹಣದ ಅಪಾಯವೂ ಇದೆ. ಠಕ್ಕರು ಕಾರಖಾನೆಯ ಹೆಸರಿನಿಂದ ಗಿರಾಕಿಗೆ ಪತ್ರ ಬರೆದು, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಹೊಸ ನಂಬರಿಗೆ ಹಣ ಕಳಿಸಿರಿ" ಎನ್ನುತ್ತಾರೆ. ಮೂರು ತಿಂಗಳ ನೇಯ್ಗೆಯ ಹಣ ಒಂದೇ ಪತ್ರದಿಂದ ಹೋಗಬಹುದು. ಮೇಲಿನ ದಾಖಲೆಗಳು ನಮ್ಮ ಡೊಮೇನಿನ ಹೆಸರನ್ನೇ ಕದ್ದು ಬರೆದ ಪತ್ರವನ್ನು ಹಿಡಿಯುತ್ತವೆ. ಒಂದಕ್ಷರ ಬದಲಿಸಿದ ಹೆಸರನ್ನೂ, ಪಾಸ್‌ವರ್ಡ್ ಕದ್ದು ನಮ್ಮ ಪೆಟ್ಟಿಗೆಯಿಂದಲೇ ಕಳಿಸಿದ ಪತ್ರವನ್ನೂ ಹಿಡಿಯಲಾರವು. ಅದಕ್ಕಾಗಿ ಎರಡು ಹಂತದ ಪಾಸ್‌ವರ್ಡ್ ಇಡಬೇಕು. ಖಾತೆ ಬದಲಾವಣೆಯ ಸುದ್ದಿ ಬಂದರೆ ಮೊದಲಿನಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಆ ಪತ್ರದಲ್ಲಿ ಕೊಟ್ಟ ನಂಬರಿಗೆ ಅಲ್ಲ.

ವಿದ್ಯಾರ್ಥಿಗಳು ಇದನ್ನು ಶಾಲೆಯ ಗಣಕಯಂತ್ರದಲ್ಲಿ ಪರೀಕ್ಷಿಸಿ ನೋಡಬಹುದು. ಜಿಮೇಲಿನಲ್ಲಿ ಬಂದ ಯಾವುದಾದರೂ ಪತ್ರವನ್ನು ತೆರೆದು, ಬಲಬದಿಯ ಮೂರು ಚುಕ್ಕಿಗಳನ್ನು ಒತ್ತಿ, 'ಶೋ ಒರಿಜಿನಲ್' ಎಂಬುದನ್ನು ಆರಿಸಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಹೆಸರುಗಳ ಎದುರು ಪತ್ರ ಪಾಸಾಗಿದೆಯೋ ನಾಪಾಸಾಗಿದೆಯೋ ಬರೆದಿರುತ್ತದೆ. ಬ್ಯಾಂಕಿನಿಂದ ಬಂದ ಒಂದು ಪತ್ರವನ್ನೂ ಸ್ಪ್ಯಾಮ್ ಪೆಟ್ಟಿಗೆಯ ಒಂದು ಪತ್ರವನ್ನೂ ಹೀಗೆ ಹೋಲಿಸಿ ವಹಿಯಲ್ಲಿ ಬರೆದಿಡಿರಿ. ಸ್ಪ್ಯಾಮ್ ಪತ್ರದೊಳಗಿನ ಲಿಂಕುಗಳನ್ನು ಮಾತ್ರ ಒತ್ತಬೇಡಿರಿ.