ಹಳೆಯ ಭಾವಚಿತ್ರದ ಸೈನಿಕನನ್ನು ಗುರುತಿಸುವ ಬಗೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪರಿಸರದ ಕನ್ನಡ ಮನೆಗಳ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನಲ್ಲಿಯೇ, ಸಮವಸ್ತ್ರ ತೊಟ್ಟ ಹಿರಿಯರೊಬ್ಬರ ಭಾವಚಿತ್ರ ತೂಗಿರುವುದು ಅಪರೂಪವಲ್ಲ. ಶಿರೋಳ ತಾಲೂಕಿನ ಸೈನಿಕ ಟಾಕಳಿಯಂತೂ ತನ್ನ ಹೆಸರಿನಲ್ಲಿಯೇ ಆ ಪರಂಪರೆಯನ್ನು ಹೊತ್ತಿದೆ. ಆದರೆ "ನಮ್ಮ ಮುತ್ತಜ್ಜ ಲಡಾಯಿಗೆ ಹೋಗಿದ್ದರು" ಎಂಬುದಕ್ಕಿಂತ ಮುಂದೆ ಹೇಳಬಲ್ಲವರು ಈಗ ಬಹಳ ಕಡಿಮೆ. ಯಾವ ಯುದ್ಧ, ಯಾವ ಪಡೆ, ಹೊರಡುವ ಮುನ್ನ ತೆಗೆಸಿದ ಚಿತ್ರವೋ ಮರಳಿ ಬಂದ ಮೇಲಿನದೋ? ನೋಡುವ ಕ್ರಮ ತಿಳಿದಿದ್ದರೆ ಚಿತ್ರವೇ ಇವುಗಳಿಗೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಈ ಮೂರೂ ಊರುಗಳು 1949ರ ಮಾರ್ಚ್ 1ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದವು ಎಂಬುದನ್ನು ಮೊದಲು ನೆನೆಯಬೇಕು. ಸಂಸ್ಥಾನಕ್ಕೆ ರಾಜಾರಾಮ್ ರೈಫಲ್ಸ್ ಎಂಬ ತನ್ನದೇ ಪಡೆಯಿತ್ತು. ವಿಲೀನದ ನಂತರ ಅದು ಮರಾಠಾ ಲೈಟ್ ಇನ್ಫಂಟ್ರಿಯಲ್ಲಿ ಸೇರಿಹೋಯಿತು. ಹಾಗಾಗಿ ನಮ್ಮ ಭಾಗದ ಸೈನಿಕರೆಲ್ಲರೂ ಬ್ರಿಟಿಷ್ ಹಿಂದೂಸ್ತಾನದ ಸೈನ್ಯದವರೇ ಎಂದು ಭಾವಿಸಲಾಗದು. ಹೆಗಲ ಮೇಲಿನ ಹಿತ್ತಾಳೆಯ ಅಕ್ಷರಗಳನ್ನು ಭೂತಗನ್ನಡಿಯಿಂದ ನೋಡಿರಿ. ಅಲ್ಲಿ 103, 110, 117 ಇಂತಹ ಅಂಕಿ ಕಂಡರೆ ಚಿತ್ರ 1922ಕ್ಕಿಂತ ಹಿಂದಿನದೆಂದು ತಿಳಿಯಬಹುದು; ಆ ವರ್ಷ ಹಳೆಯ ಮರಾಠಾ ಪಲಟಣಗಳೆಲ್ಲ ಒಂದೇ ರೆಜಿಮೆಂಟಿನಲ್ಲಿ ಕೂಡಿ ಬೆಳಗಾವಿ ಅವುಗಳ ತರಬೇತಿ ಕೇಂದ್ರವಾಯಿತು. ಕಹಳೆಯ ಬಿಲ್ಲೆ ಲೈಟ್ ಇನ್ಫಂಟ್ರಿಯ ಗುರುತು. ಅದರ ಮೇಲೆ ಕಿರೀಟವಿದ್ದರೆ ಗಣರಾಜ್ಯಕ್ಕೆ ಮುಂಚಿನದು, ಸಿಂಹಲಾಂಛನವಿದ್ದರೆ ಅನಂತರದ್ದು.

ಉಡುಪಿನ ವಿಚಾರ ಸುಲಭ. ಮೊಣಕಾಲವರೆಗೂ ಸುತ್ತಿದ ಪಟ್ಟಿ, ಉದ್ದನೆಯ ಖಾಕಿ ಅಂಗಿ, ರುಮಾಲು ಇದ್ದರೆ ಬಹುಶಃ ಮೊದಲನೆಯ ಮಹಾಯುದ್ಧದ ಕಾಲ. ಅರೆಚಡ್ಡಿ, ಗಿಡ್ಡ ಕಾಲುಪಟ್ಟಿ, ನೂಲಿನ ದಪ್ಪ ನೇಯ್ಗೆಯ ನಡುಪಟ್ಟಿ ಎರಡನೆಯದರವು. ಸೊಂಟದವರೆಗಿನ ಉಣ್ಣೆಯ ಕೋಟು ಕಂಡರೆ ಇಟಲಿಯಂತಹ ಚಳಿಯ ನಾಡನ್ನು ಊಹಿಸಬಹುದು. ತೋಳಿನ ಮೇಲೆ ಒಂದು ಪಟ್ಟಿ ಲಾನ್ಸ್ ನಾಯಕ, ಎರಡು ನಾಯಕ, ಮೂರು ಹವಾಲ್ದಾರ.

ಪದಕಗಳ ವಿಷಯದಲ್ಲಿಯೇ ಹೆಚ್ಚು ಎಡವುವುದು. ಹಳೆಯ ಸ್ಟುಡಿಯೋಗಳ ಗಾಜಿನ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಕೆಂಪು, ಕಿತ್ತಳೆ ಬಣ್ಣಗಳು ಕಪ್ಪಾಗಿಯೂ ನೀಲಿ ಬಿಳುಪಾಗಿಯೂ ಮೂಡುತ್ತಿದ್ದವು. ಬ್ರಿಟಿಷ್ ವಾರ್ ಮೆಡಲ್ಲಿನ ರಿಬ್ಬನ್ನಿನ ನಡುವೆ ಕಿತ್ತಳೆ, ಅಂಚಿನಲ್ಲಿ ನೀಲಿ. ಅಂತಹ ಚಿತ್ರದಲ್ಲಿ ನಡು ಕಪ್ಪಾಗಿ ಅಂಚು ತೆಳುವಾಗಿ ಕಾಣುತ್ತದೆ. ಶೌರ್ಯಕ್ಕಾಗಿ ಕೊಡುತ್ತಿದ್ದ ಇಂಡಿಯನ್ ಆರ್ಡರ್ ಆಫ್ ಮೆರಿಟ್‌ನ ರಿಬ್ಬನ್ನು ಕೆಂಪಂಚಿನ ಕಡುನೀಲಿ. ಅದಕ್ಕಿಂತ ಕೆಳಗಿನ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ಲಿನದು ನೀಲಿಯಂಚಿನ ಕೆಂಪು. ಎರಡನ್ನು ಅದಲುಬದಲು ಮಾಡಿದರೆ ಗೌರವದ ಶ್ರೇಣಿಯೇ ಬದಲಾದೀತು. ಇನ್ನು ಕೈಯಿಂದ ಬಣ್ಣ ತುಂಬಿದ ದೊಡ್ಡ ಚಿತ್ರಗಳಿವೆ. ಬಾಬುರಾವ್ ಪೇಂಟರರಂತಹವರನ್ನು ಕೊಟ್ಟ ಕಲಾನಗರಿಯ ಬಗ್ಗೆ ನಮಗೆ ಅಭಿಮಾನವಿರಲಿ. ಆದರೆ ಬಣ್ಣ ತುಂಬಿದವನು ಪದಕವನ್ನು ನೋಡಿರಲೇಬೇಕೆಂದಿಲ್ಲ, ರಿಬ್ಬನ್ನಿಗೆ ತನಗೆ ಚೆಂದ ಕಂಡ ಬಣ್ಣ ಹಚ್ಚಿರಬಹುದು.

ಕೆಂಪು, ಬಿಳಿ, ಹಸಿರು ಪಟ್ಟಿಗಳನ್ನು ಕಂಡು ನಮ್ಮ ತ್ರಿವರ್ಣವೆಂದು ಹಿಗ್ಗುವುದೂ ಉಂಟು. ಐದು ಪಟ್ಟಿಗಳಿದ್ದು ನಡುವಿನದು ಹಸಿರಾದರೆ ಅದು ಇಟಲಿ ಸ್ಟಾರ್. ಕೇಸರಿ, ಬಿಳಿ, ಹಸಿರು ಮೂರೇ ಇದ್ದರೆ 1947ರ ಸ್ವಾತಂತ್ರ್ಯ ಪದಕ. ಇಟಲಿ ಸ್ಟಾರ್ ಏನೂ ಕಡಿಮೆಯದಲ್ಲ. ಮರಾಠಾ ಪಲಟಣದ ಯಶವಂತ ಘಾಡ್ಗೆಯವರು 1944ರಲ್ಲಿಯೂ, ನಾಮದೇವ ಜಾಧವರು 1945ರಲ್ಲಿಯೂ ವಿಕ್ಟೋರಿಯಾ ಕ್ರಾಸಿಗೆ ಪಾತ್ರರಾದದ್ದು ಆ ರಣರಂಗದಲ್ಲಿಯೇ. ಘಾಡ್ಗೆಯವರಿಗೆ ಅದು ಮರಣೋತ್ತರವಾಗಿ ಬಂತು. ಎರಡನೆಯ ಯುದ್ಧದ ಸ್ಟಾರುಗಳು ಯುದ್ಧ ನಡೆಯುವಾಗ ಕೇವಲ ರಿಬ್ಬನ್ನಿನ ರೂಪದಲ್ಲಿದ್ದವು. ಆರು ಮೂಲೆಯ ಸ್ಟಾರು ಎದೆಯ ಮೇಲೆ ತೂಗಾಡುತ್ತಿದ್ದರೆ ಆತ ಬದುಕಿ ಬಂದು, ಶಾಂತಿಕಾಲದಲ್ಲಿ ಪೀಠದ ಮುಂದೆ ನಿಂತಿದ್ದಾನೆಂದೇ ಅರ್ಥ.

ಪೆಟ್ಟಿಗೆಯಲ್ಲಿ ಪದಕವೇ ಉಳಿದಿದ್ದರೆ ಊಹೆಯ ಅಗತ್ಯವೇ ಇಲ್ಲ. ಮೊದಲನೆಯ ಯುದ್ಧದ ದುಂಡು ಪದಕಗಳ ಅಂಚಿನಲ್ಲಿ, ಸ್ಟಾರಿನ ಹಿಂಬದಿಯಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆಗಳನ್ನು ರೋಮನ್ ಲಿಪಿಯಲ್ಲಿ ಒತ್ತಿರುತ್ತಾರೆ. ಕಾರಕೂನನ ಕಿವಿಗೆ ಬಿದ್ದಂತೆ ಬರೆದ ಹೆಸರು ಅದು. ನಮ್ಮ ಬಸಪ್ಪ, ಶಿವಲಿಂಗಪ್ಪಗಳು ಅಲ್ಲಿ ಗುರುತು ಸಿಗದಂತಾಗಿರಬಹುದು, ಗಟ್ಟಿಯಾಗಿ ಓದಿ ನೋಡಿರಿ. ಹೊಳಪಿಗಾಗಿ ತಿಕ್ಕಿದರೆ ಮೊದಲು ಅಳಿಯುವುದು ಈ ಅಕ್ಷರಗಳೇ. ಬ್ರಿಟಿಷ್ ವಾರ್ ಮೆಡಲು ಸಾಮಾನ್ಯವಾಗಿ ಬೆಳ್ಳಿಯದು. ಬೆಳ್ಳಿಯ ಕಸುಬಿನ ಹುಪರಿ ನಮಗೆ ಹತ್ತಿರವೇ ಇದೆ. ಒಂದು ಜೊತೆ ಕಾಲ್ಗೆಜ್ಜೆಗಾಗಿ ಅದನ್ನು ಕರಗಿಸಿದರೆ ಅಜ್ಜನ ಪಲಟಣದ ಹೆಸರೂ ಮೂಸೆಯಲ್ಲಿ ಕರಗಿತು.

ಕೆಲವು ಮನೆಗಳಲ್ಲಿ ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆಯಿರಬಹುದು. ಅದರ ಮೇಲೆ ತ್ರಿಶೂಲ ಹಿಡಿದ ಸ್ತ್ರೀ, ಸಿಂಹ, ಹುದ್ದೆಯಿಲ್ಲದ ಬರಿಯ ಹೆಸರು. ದೊಡ್ಡ ಪದಕವೆಂದು ಅದನ್ನು ಹೆಮ್ಮೆಯಿಂದ ತೋರಿಸುವುದುಂಟು. ಅದು ಪದಕವಲ್ಲ, ಮೊದಲನೆಯ ಯುದ್ಧದಲ್ಲಿ ಮಡಿದವರ ಮನೆಗೆ ಕಳುಹಿಸಿದ ಸ್ಮಾರಕ ಫಲಕ. "ಎಲ್ಲಿಯೋ ಉಳಿದುಬಿಟ್ಟರು" ಎಂದು ಮನೆಯವರು ಹೇಳುತ್ತ ಬಂದಿದ್ದರೆ, ಈ ಬಿಲ್ಲೆ ಬೇರೆಯೇ ಉತ್ತರ ಕೊಡುತ್ತದೆ. 1916ರ ಏಪ್ರಿಲ್‌ನಲ್ಲಿ ಕುತ್ ನಗರ ತುರ್ಕರಿಗೆ ಶರಣಾದಾಗ 103, 110, 117ನೆಯ ಮರಾಠಾ ಪಲಟಣಗಳು ಅಲ್ಲಿದ್ದವು; ಮೆಸಪೊಟೇಮಿಯಾದಲ್ಲಿ ಮಡಿದು ಸಮಾಧಿಯೂ ತಿಳಿಯದವರ ಸ್ಮಾರಕ ಬಸ್ರಾದಲ್ಲಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ಈಗ ಅಂತರ್ಜಾಲದಲ್ಲಿ ಯಾರೂ ಹುಡುಕಬಹುದು. ಸೈನಿಕನ ಸಂಖ್ಯೆ ದೊರೆತರೆ ಅಲ್ಲಿ ಮರಣದ ದಿನಾಂಕ ಸಿಕ್ಕೀತು. ತಿಥಿ ತಿಳಿಯದೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತ ಬಂದ ಮನೆಯವರು, ಆ ವರ್ಷದ ಪಂಚಾಂಗ ತೆಗೆಸಿ ನಿಜವಾದ ತಿಥಿಯನ್ನು ಗೊತ್ತುಮಾಡಿಕೊಳ್ಳಬಹುದು.